ಎಂಟು ವಾರದ ಇಂಟರ್ನ್‌ಶಿಪ್, ಒಂದು ಸಮೀಕ್ಷೆ: ನನ್ನ ಅನುಭವ

ಸ್ವಯಂಸೇವಾ ಸಂಸ್ಥೆಗೆ ಇಂಟರ್ನ್ ಆಗಿ ಸೇರಿದ ಕಾಲೇಜು ವಿದ್ಯಾರ್ಥಿಯ ಕೈಗೆ ಬೇಗ ಬರುವ ಕೆಲಸಗಳಲ್ಲಿ ಸಮೀಕ್ಷೆಯೂ ಒಂದು. ನನ್ನ ಎಂಟು ವಾರವೂ ಅದರಲ್ಲೇ ಕಳೆದವು. ವಿಶ್ಲೇಷಣೆಗೆ ಹಿಡಿದದ್ದು ಕೊನೆಯ ಒಂದು ವಾರ ಮಾತ್ರ. ಉಳಿದದ್ದೆಲ್ಲ ಪ್ರಶ್ನೆಗಳ ಫಾರ್ಮ್ ಕಟ್ಟುವುದಕ್ಕೆ ಮತ್ತು ಬಂದ ಮಾಹಿತಿಯನ್ನು ಸರಿಮಾಡುವುದಕ್ಕೆ ಹೋಯಿತು. ಫಾರ್ಮಿನಲ್ಲಿ ಉಳಿದುಹೋದ ತಪ್ಪು ಕೊನೆಗೆ ಪ್ರತಿ ಸಾಲಿನಲ್ಲೂ ಕೂತಿರುತ್ತದೆ, ಹಾಗಾಗಿ ಮೊದಲ ಎರಡು ವಾರ ನಿಧಾನವಾದರೂ ನಷ್ಟವಿಲ್ಲ.

ಪ್ರಶ್ನೆ ಬರೆಯುವ ಮೊದಲು ಖಾಲಿ ಕೋಷ್ಟಕ ಬರೆದೆ. ವರದಿಯಲ್ಲಿ ಯಾವ ಕೋಷ್ಟಕ ಬರಬೇಕು, ಅದರ ಸಾಲು ಯಾವುದು, ಕಾಲಂ ಯಾವುದು ಅಂತ. ಯಾವ ಕೋಷ್ಟಕಕ್ಕೂ ಬೇಡದ ಪ್ರಶ್ನೆಯನ್ನು ಕಿತ್ತುಹಾಕಿದೆ. "ಇರಲಿ, ಮುಂದೆ ಬೇಕಾಗಬಹುದು" ಎಂಬ ಮಾತಿಗೆ ಮಣಿದರೆ ಸಂದರ್ಶನ ಒಂದು ಗಂಟೆಗೆ ಎಳೆಯುತ್ತದೆ, ಅರ್ಧ ದಾರಿಯಲ್ಲೇ ಉತ್ತರ ಕೊಡುವವರು ಬೇಸತ್ತು ಎಲ್ಲದಕ್ಕೂ "ಹೂಂ" ಅನ್ನತೊಡಗುತ್ತಾರೆ.

ಪದಗಳ ಅರ್ಥವನ್ನೂ ಆಗಲೇ ಕಟ್ಟಬೇಕು. "ಮನೆಯಲ್ಲಿ ಎಷ್ಟು ಜನ?" ಅಂದರೆ ದುಡಿಯಲು ಬೇರೆ ಊರಿಗೆ ಹೋದ ಮಗ ಲೆಕ್ಕಕ್ಕೆ ಬರುತ್ತಾನೋ ಇಲ್ಲವೋ? ಒಂದೇ ಅಡುಗೆಯಲ್ಲಿ ಉಣ್ಣುವವರು ಒಂದು ಕುಟುಂಬ, ಇಷ್ಟು ತಿಂಗಳಿಗಿಂತ ಹೆಚ್ಚು ಹೊರಗಿದ್ದವರು ಸೇರುವುದಿಲ್ಲ ಎಂದು ಫಾರ್ಮಿನಲ್ಲೇ ಬರೆದಿರಬೇಕು. ಖರ್ಚಿನ ಪ್ರಶ್ನೆಗೆ ಅವಧಿ ಮುಖ್ಯ: ಆಹಾರಕ್ಕೆ ಕಳೆದ 7 ದಿನ, ಪ್ರಯಾಣ, ಫೋನಿನಂಥದ್ದಕ್ಕೆ 30 ದಿನ, ಬಟ್ಟೆ, ಶಾಲೆ ಶುಲ್ಕಕ್ಕೆ 365 ದಿನ. ತರಕಾರಿಗೆ ವರ್ಷದಲ್ಲಿ ಎಷ್ಟಾಯಿತು ಎಂದರೆ ಯಾರೂ ಹೇಳಲಾರರು.

ಫಾರ್ಮ್ ಮಾಡಿದ್ದು ಕೋಬೋ ಟೂಲ್‌ಬಾಕ್ಸ್‌ನಲ್ಲಿ, ಅಂದರೆ ಫೋನಿನಲ್ಲೇ ತುಂಬಬಹುದಾದ ಸಮೀಕ್ಷೆ ಫಾರ್ಮ್ ತಯಾರಿಸುವ ತಂತ್ರಾಂಶದಲ್ಲಿ. ಪರದೆಯ ಮೇಲೆ ಎಳೆದು ಬಿಡುವ ಬದಲು ಎಕ್ಸೆಲ್ ಕಡತದಲ್ಲಿ ಬರೆದು ಹಾಕುವುದು ಸಲೀಸು. ಒಂದು ಶೀಟಿನಲ್ಲಿ ಪ್ರಶ್ನೆಗಳು, ಇನ್ನೊಂದರಲ್ಲಿ ಆಯ್ಕೆಗಳು, ಮೂರನೆಯದರಲ್ಲಿ ಸೆಟ್ಟಿಂಗ್. ಪ್ರತಿ ಪ್ರಶ್ನೆಗೂ 'ನೇಮ್' ಮತ್ತು 'ಲೇಬಲ್' ಎಂಬ ಎರಡು ಕಾಲಂ ಇರುತ್ತವೆ. ಲೇಬಲ್ ಜನರಿಗೆ ಕಾಣುವ ವಾಕ್ಯ, ಅದನ್ನು ಯಾವಾಗ ಬೇಕಾದರೂ ತಿದ್ದಬಹುದು. ನೇಮ್ ಮಾಹಿತಿಯ ಕಾಲಮ್ಮಿನ ಹೆಸರು. ಕೆಲಸ ಶುರುವಾದ ಮೇಲೆ ಅದನ್ನು ಬದಲಿಸಿದರೆ ಒಂದೇ ಪ್ರಶ್ನೆಯ ಉತ್ತರ ಎರಡು ಕಾಲಮ್ಮಿಗೆ ಹರಿದುಹೋಗುತ್ತದೆ. ಒಂದಕ್ಕಿಂತ ಹೆಚ್ಚು ಉತ್ತರ ಆರಿಸುವ ಪ್ರಶ್ನೆಗಳಲ್ಲಿ ಆಯ್ಕೆಯ ನೇಮ್ ನಡುವೆ ಖಾಲಿ ಜಾಗ ಬಿಡಬೇಡಿ. ಆರಿಸಿದ ಉತ್ತರಗಳನ್ನು ವ್ಯವಸ್ಥೆ ಬೇರ್ಪಡಿಸುವುದೇ ಖಾಲಿ ಜಾಗದಿಂದ.

ಎಲ್ಲ ಪ್ರಶ್ನೆಯನ್ನೂ ಕಡ್ಡಾಯ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಮಾಡಿದರೆ, ಉತ್ತರ ಸಿಗದ ಕ್ಷೇತ್ರ ಕಾರ್ಯಕರ್ತರು (ಮನೆಮನೆಗೆ ಹೋಗಿ ಪ್ರಶ್ನೆ ಕೇಳುವವರು) ಮುಂದೆ ಹೋಗಲು ಏನೋ ಒಂದು ಅಂಕಿ ಒತ್ತುತ್ತಾರೆ, ಹೆಚ್ಚಾಗಿ 99. ವಯಸ್ಸಿನ ಮಿತಿ 0ರಿಂದ 110 ಎಂದಿಟ್ಟಿದ್ದರೆ 999 ಸಿಕ್ಕಿಬೀಳುತ್ತದೆ, 99 ನುಸುಳುತ್ತದೆ. 19 ಜನರ ಸರಾಸರಿ 30 ಇದ್ದು ಇಪ್ಪತ್ತನೆಯ ಸಾಲಿನಲ್ಲಿ 99 ಕೂತರೆ ಸರಾಸರಿ 33 ದಾಟುತ್ತದೆ. ನೋಡಿದವರಿಗೆ ಅದು ಸರಿಯಾದ ಅಂಕಿಯಂತೆಯೇ ಕಾಣುತ್ತದೆ, ತೊಂದರೆ ಇರುವುದೇ ಅಲ್ಲಿ. "ವಯಸ್ಸು ಗೊತ್ತಿದೆಯೇ?" ಎಂದು ಮೊದಲು ಕೇಳಿ, ಹೌದು ಅಂದರೆ ಮಾತ್ರ ಅಂಕಿಯ ಪ್ರಶ್ನೆ ತೆರೆಯುವಂತೆ ಮಾಡಿದೆ. ಆದಾಯಕ್ಕೂ ಹಾಗೆಯೇ, "ಹೇಳಲು ಇಷ್ಟವಿಲ್ಲ" ಎಂಬ ಆಯ್ಕೆಯೊಂದಿಗೆ.

ಮೊಟ್ಟಮೊದಲ ಪ್ರಶ್ನೆ ಒಪ್ಪಿಗೆಯದ್ದು. ನಾವು ಯಾರು, ಮಾಹಿತಿ ಯಾಕೆ, ಯಾರು ನೋಡುತ್ತಾರೆ, ನಡುವೆ ಯಾವಾಗ ಬೇಕಾದರೂ ನಿಲ್ಲಿಸಬಹುದು, ಉತ್ತರಿಸದಿದ್ದರೆ ಯಾವ ಸೌಲಭ್ಯವೂ ತಪ್ಪುವುದಿಲ್ಲ. ಇಷ್ಟನ್ನು ಓದಿ ಹೇಳಬೇಕು. ಬೇಡ ಅಂದರೆ ಫಾರ್ಮ್ ಅಲ್ಲಿಗೇ ಮುಗಿಯಬೇಕು.

ಫಾರ್ಮನ್ನು ಮೊದಲು ಪ್ರಯೋಗಿಸಿ ನೋಡಲು ಎಂಟು ಹತ್ತು ಸಂದರ್ಶನ ಸಾಕು, ಆದರೆ ಫಾರ್ಮ್ ಬರೆದವರು ಪ್ರಶ್ನೆ ಕೇಳಬಾರದು. ಪಕ್ಕದಲ್ಲಿ ಕೂತು, ಕಾರ್ಯಕರ್ತರು ಯಾವ ಪ್ರಶ್ನೆಯನ್ನು ತಮ್ಮ ಮಾತಿನಲ್ಲಿ ತಿರುಗಿಸಿ ಕೇಳುತ್ತಾರೆ ಎಂದು ಗುರುತು ಹಾಕಿಕೊಳ್ಳಿ. ಅವರು ತಿರುಗಿಸಿದ ವಾಕ್ಯವೇ ಸಾಮಾನ್ಯವಾಗಿ ಸರಿಯಾದ ವಾಕ್ಯ.

ಕೆಲಸ ನಡೆಯುವಾಗ ಪ್ರತಿ ಸಂಜೆ ಮೂರು ನೋಟ. ಮೊದಲನೆಯದು, ಫೋನಿನಲ್ಲಿ ಮುಗಿದ ಫಾರ್ಮ್ ಎಷ್ಟು, ಸರ್ವರ್‌ಗೆ (ಎಲ್ಲ ಫೋನುಗಳ ಮಾಹಿತಿ ಸೇರುವ ಕಂಪ್ಯೂಟರಿಗೆ) ಬಂದದ್ದು ಎಷ್ಟು. ನೆಟ್‌ವರ್ಕ್ ಇಲ್ಲದ ಕಡೆ ಎರಡೂ ಹೊಂದುವುದಿಲ್ಲ. ಎರಡನೆಯದು ಸಂದರ್ಶನದ ಶುರು ಮತ್ತು ಕೊನೆಯ ಸಮಯ. ಇಪ್ಪತ್ತು ನಿಮಿಷದ ಫಾರ್ಮ್ ನಾಲ್ಕು ನಿಮಿಷದಲ್ಲಿ ಮುಗಿದಿದ್ದರೆ ವಿಚಾರಿಸಿ. ಮೂರನೆಯದು ವಯಸ್ಸಿನ ಕೊನೆಯ ಅಂಕಿ. ವಯಸ್ಸು ಅಂದಾಜಿಸಿ ಹೇಳಿದಾಗ 0 ಮತ್ತು 5ರಿಂದ ಮುಗಿಯುವವು ರಾಶಿ ಬೀಳುತ್ತವೆ. ಒಂದಿಷ್ಟು ಸಹಜ, ಆದರೆ ಒಬ್ಬ ಕಾರ್ಯಕರ್ತರ ಪಟ್ಟಿಯಲ್ಲಿ ಮಾತ್ರ ವಿಪರೀತವಾಗಿದ್ದರೆ ಅವರು ಕೇಳದೆ, ಮುಖ ನೋಡಿ ಬರೆಯುತ್ತಿರಬಹುದು. ಇದಲ್ಲದೆ ಹತ್ತರಲ್ಲಿ ಒಂದು ಮನೆಗೆ ಬೇರೆಯವರು ಹೋಗಿ, ಉತ್ತರ ಬದಲಾಗದ ನಾಲ್ಕೈದು ಪ್ರಶ್ನೆಗಳನ್ನು ಮತ್ತೆ ಕೇಳಿಬರುವುದು ಒಳ್ಳೆಯದು.

ಬಂದ ಮಾಹಿತಿಯ ಶುದ್ಧೀಕರಣದಲ್ಲಿ ನಿಯಮ ಒಂದೇ: ಮೂಲ ಕಡತವನ್ನು ಮುಟ್ಟಬೇಡಿ. ಪ್ರತಿಯಲ್ಲಿ ತಿದ್ದಿ, ಯಾವ ಸಾಲು, ಹಳೆಯ ಮೌಲ್ಯ, ಹೊಸದು, ಕಾರಣ ಎಂದು ಬೇರೆ ಶೀಟಿನಲ್ಲಿ ಬರೆಯಿರಿ. ಸಿಎಸ್‌ವಿ ಕಡತವನ್ನು (ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಸರಳ ಪಠ್ಯದ ಕಡತ) ಡಬಲ್ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡ ಅಕ್ಷರ ಚಿತ್ರಲಿಪಿಯಾಗಬಹುದು, ಸಂಕೇತಸಂಖ್ಯೆಯ ಮುಂದಿನ ಸೊನ್ನೆ ಹಾರಿಹೋಗುತ್ತದೆ, 15 ಅಂಕಿಗಿಂತ ಉದ್ದದ ಸಂಖ್ಯೆಯ ಬಾಲ ಸೊನ್ನೆಯಾಗುತ್ತದೆ. ಸೇವ್ ಮಾಡಿಬಿಟ್ಟರೆ ಅದು ಮರಳಿ ಬರುವುದಿಲ್ಲ. ಡೇಟಾ ಮೆನುವಿನಿಂದ ಆಮದು ಮಾಡಿ, ಕನ್ನಡ ಅಕ್ಷರ ಸರಿಯಾಗಿ ಓದಿಸುವ ಯುಟಿಎಫ್-8 ಎಂಬ ಅಕ್ಷರ ಸಂಕೇತ ಆರಿಸಿ, ಇಂಥ ಸಂಖ್ಯೆಯ ಕಾಲಮ್ಮನ್ನು ಪಠ್ಯ ಎಂದು ಗುರುತಿಸಿ. ಎರಡು ಪಟ್ಟಿ ಜೋಡಿಸುವಾಗ ಹೆಸರನ್ನು ನಂಬಬೇಡಿ. 'ಲಕ್ಷ್ಮಿ' ಮತ್ತು 'ಲಕ್ಷ್ಮೀ' ಕಂಪ್ಯೂಟರಿಗೆ ಇಬ್ಬರು. ಮನೆಗೊಂದು ಸಂಕೇತಸಂಖ್ಯೆ ಮೊದಲೇ ಕೊಟ್ಟಿರಬೇಕು.

ಕೊನೆಯ ವಾರಕ್ಕೆ ಬಿಡಬಾರದ ಕೆಲಸವೊಂದಿದೆ: ಫಾರ್ಮ್ ಯಾರ ಖಾತೆಯಲ್ಲಿದೆ? ಇಂಟರ್ನ್ ತನ್ನ ಸ್ವಂತ ಇಮೇಲ್‌ನಿಂದ ಮಾಡಿ ಹೊರಟುಹೋದರೆ ಮುಂದಿನ ವರ್ಷ ಸಂಸ್ಥೆಗೆ ಬೀಗ ಹಾಕಿದ ಬಾಗಿಲಷ್ಟೇ ಉಳಿಯುತ್ತದೆ. ಮೊದಲ ದಿನವೇ ಸಂಸ್ಥೆಯ ಖಾತೆ ಕೇಳಿ ಪಡೆಯಿರಿ. ಪ್ರತಿ ಕಾಲಮ್ಮಿನ ಅರ್ಥ ಬರೆದ ಒಂದು ಪುಟ, ತಿದ್ದುಪಡಿಯ ಪಟ್ಟಿ, ಮೂಲ ಕಡತ, ಶುದ್ಧ ಕಡತ ಇಷ್ಟನ್ನು ಒಪ್ಪಿಸಿ, ನಿಮ್ಮ ಲ್ಯಾಪ್‌ಟಾಪ್, ಫೋನ್, ವಾಟ್ಸ್‌ಆ್ಯಪ್ ಮೂರರಲ್ಲೂ ಉಳಿದುಕೊಂಡಿರುವ, ಉತ್ತರ ಕೊಟ್ಟವರ ಹೆಸರು, ಫೋನ್ ನಂಬರುಗಳನ್ನು ಅಳಿಸಿ. ವಾಟ್ಸ್‌ಆ್ಯಪ್ ಎಲ್ಲರೂ ಮರೆಯುವ ಜಾಗ.