ಕೊಟೇಶನ್ ಕೈಗೆ ಬಂದ ಮೇಲೆ: ಕಟ್ಟಡದ ಗುತ್ತಿಗೆದಾರರನ್ನು ತೂಗಿ ನೋಡುವ ಬಗೆ

ಮೂವರಿಂದ ಕೊಟೇಶನ್ ತರಿಸಿ, ಕೆಳಗಿನ ಮೊತ್ತ ನೋಡಿ, ಕಡಿಮೆ ಹೇಳಿದವರಿಗೆ ಕೆಲಸ ಒಪ್ಪಿಸುವುದು ಎಲ್ಲೆಡೆ ನಡೆಯುವ ರೂಢಿ. ಆ ಮೂರು ಮೊತ್ತಗಳು ಒಂದೇ ಕೆಲಸಕ್ಕೆ ಹೇಳಿದವಲ್ಲ ಎಂಬುದು ಗೊತ್ತಾಗುವ ಹೊತ್ತಿಗೆ ಅರ್ಧ ಕಟ್ಟಡ ಎದ್ದಿರುತ್ತದೆ. ಒಬ್ಬರು ತಾರಸಿಯ ವಾಟರ್‌ಪ್ರೂಫಿಂಗ್ ಸೇರಿಸಿರುತ್ತಾರೆ, ಇನ್ನೊಬ್ಬರು ಬಿಟ್ಟಿರುತ್ತಾರೆ, ಮೂರನೆಯವರು ಅಗೆದ ಮಣ್ಣು ಸಾಗಿಸುವ ಖರ್ಚನ್ನು ಲೆಕ್ಕಕ್ಕೇ ಹಿಡಿದಿರುವುದಿಲ್ಲ.

ಆದ್ದರಿಂದ ದರ ಕೇಳುವ ಮೊದಲು ಕೆಲಸದ ಪಟ್ಟಿ ನಿಮ್ಮ ಕಡೆಯಿಂದ ಹೋಗಬೇಕು. ಪ್ರತಿ ಬಾಬಿಗೂ ವಿವರಣೆ, ಪ್ರಮಾಣ, ಅಳತೆಯ ಘಟಕ ಬರೆದು, ದರದ ಅಂಕಣ ಮಾತ್ರ ಖಾಲಿ ಬಿಡಿ. 'ಒಳ್ಳೆಯ ಗುಣಮಟ್ಟದ ಪ್ಲಾಸ್ಟರಿಂಗ್' ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. '12 ಮಿ.ಮೀ. ದಪ್ಪ, ಸಿಮೆಂಟ್-ಮರಳು 1:4, 7 ದಿನ ಕ್ಯೂರಿಂಗ್ (ನೀರುಣಿಸುವುದು)' ಎಂದರೆ ಮೂವರೂ ಒಂದೇ ಕೆಲಸಕ್ಕೆ ದರ ಹಾಕುತ್ತಾರೆ. ನೀರು, ವಿದ್ಯುತ್, ತೆರಿಗೆ, ಸಾಗಣೆ, ಕೊನೆಯ ಸ್ವಚ್ಛತೆ ಇವು ಯಾರ ಲೆಕ್ಕ ಎಂಬುದನ್ನೂ ಅಲ್ಲೇ ಬರೆಯಿರಿ. ಕೊಟೇಶನ್‌ಗೆ 90 ದಿನಗಳ ಸಿಂಧುತ್ವ ಕೇಳಿ, ಅಂದರೆ ಅಷ್ಟು ದಿನ ಹೇಳಿದ ದರಕ್ಕೆ ಅವರು ಬದ್ಧರಾಗಿರಬೇಕು. ಅದು ಯಾಕೆ ಬೇಕೆಂಬುದು ಮುಂದೆ ಬರುತ್ತದೆ.

ಉತ್ತರಗಳು ಬಂದಾಗ ಮೊದಲು ಗುಣಾಕಾರ, ಕೂಡಿಕೆ ಸರಿಯಿದೆಯೇ ನೋಡಿ. ಬಿಟ್ಟ ಬಾಬುಗಳಿಗೆ ಉಳಿದವರ ದರ ಹಾಕಿ, ಎಲ್ಲರ ಮೊತ್ತವನ್ನೂ ಒಂದೇ ನೆಲೆಗೆ ತನ್ನಿ. ಕಡಿಮೆ ಹೇಳಿದವರು ಯಾರು ಎಂಬುದು ಎಷ್ಟೋ ಸಲ ಈ ಹಂತದಲ್ಲೇ ಬದಲಾಗುತ್ತದೆ.

ಆಮೇಲೆ ದರಗಳ ಹಂಚಿಕೆ ನೋಡಬೇಕು. ದುಡ್ಡು ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲೇ, ಆದರೂ ಇದನ್ನು ನೋಡುವವರು ಕಡಿಮೆ. ಇಬ್ಬರ ಮೊತ್ತವೂ 100 ಎಂದಿಟ್ಟುಕೊಳ್ಳಿ. ಒಬ್ಬರು ಅಗೆತ ಮತ್ತು ಪಾಯಕ್ಕೆ 15 ಹಾಕಿದ್ದಾರೆ, ಇನ್ನೊಬ್ಬರು 25. ಎರಡನೆಯವರು ಪಾಯ ಮುಗಿಸಿ ಬಿಲ್ ಪಡೆದು ಹೊರಟುಹೋದರೆ ಉಳಿದ ಕೆಲಸಕ್ಕೆ 85 ಬೇಕು, ನಿಮ್ಮ ಬಳಿ ಇರುವುದು 75. ಇನ್ನೊಂದು ಬಗೆಯೂ ಇದೆ. ಪಟ್ಟಿಯಲ್ಲಿ ಬಂಡೆ ಒಡೆಯುವುದು 10 ಘನ ಮೀಟರ್ ಮಾತ್ರ ಇದ್ದರೆ, ಅದಕ್ಕೆ ಮೂರು ಪಟ್ಟು ದರ ಹಾಕಿದರೂ ಒಟ್ಟು ಮೊತ್ತದಲ್ಲಿ ಕಾಣಿಸುವುದಿಲ್ಲ. ಅಗೆದಾಗ 60 ಘನ ಮೀಟರ್ ಬಂಡೆ ಸಿಕ್ಕರೆ ಆ ದರದಲ್ಲೇ ಕೊಡಬೇಕಾಗುತ್ತದೆ. ಪ್ರಮಾಣ ಹೆಚ್ಚಬಹುದಾದ ಬಾಬುಗಳನ್ನು ಗುರುತು ಹಾಕಿಕೊಂಡು, ಮೂವರ ದರಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ.

ತೀರಾ ಕಡಿಮೆ ದರ ಕಂಡರೆ ತಳ್ಳಿಹಾಕಬೇಡಿ, ಬಿಡಿಸಿ ತೋರಿಸಲು ಕೇಳಿ: ಸಾಮಗ್ರಿ ಎಷ್ಟು, ಕೂಲಿ ಎಷ್ಟು, ಯಂತ್ರ ಎಷ್ಟು, ಲಾಭ ಎಷ್ಟು. 1:1.5:3 ಪ್ರಮಾಣದ (ಸಿಮೆಂಟ್, ಮರಳು, ಜಲ್ಲಿ) ಒಂದು ಘನ ಮೀಟರ್ ಕಾಂಕ್ರೀಟಿಗೆ ಸುಮಾರು 400 ಕೆ.ಜಿ. ಸಿಮೆಂಟ್ ಬೇಕು. ಅಷ್ಟು ಸಿಮೆಂಟಿನ ಬೆಲೆಗೆ ಮರಳು, ಜಲ್ಲಿ, ಕೂಲಿ ಸೇರಿಸಿದಾಗ ಅವರು ಹೇಳಿದ ದರವನ್ನು ಮೀರಿದರೆ, ಸಿಮೆಂಟ್ ಕಡಿಮೆ ಹಾಕುತ್ತಾರೆ ಅಥವಾ ನಡುವೆ ಹೆಚ್ಚುವರಿ ಕೇಳುತ್ತಾರೆ.

ಕೆಲಸ ನೋಡಲು ಹೋಗುವಾಗ ಅವರು ಹೆಮ್ಮೆಯಿಂದ ತೋರಿಸುವ ಕಟ್ಟಡವೊಂದೇ ಸಾಲದು. ಎರಡು ವರ್ಷದ ಹಿಂದೆ ಮುಗಿಸಿದ್ದೊಂದು, ಈಗ ನಡೆಯುತ್ತಿರುವುದೊಂದು ನೋಡಿ. ಹಳೆಯದರಲ್ಲಿ ಬಚ್ಚಲ ಮನೆಯ ಕೆಳಗಿನ ಚಾವಣಿಯ ತೇವದ ಕಲೆ, ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು, ತಟ್ಟಿದರೆ ಪೊಳ್ಳು ಸದ್ದು ಬರುವ ಟೈಲ್ಸ್ ಹುಡುಕಿ. ನಡೆಯುತ್ತಿರುವ ಕಡೆಗೆ ಒಪ್ಪಿಗೆ ಪಡೆದು, ಆದರೆ ದಿನ ಗೊತ್ತುಮಾಡದೆ ಹೋಗಿ. ಸಿಮೆಂಟ್ ಚೀಲಗಳು ನೆಲದಿಂದ ಮೇಲೆ, ಗೋಡೆಯಿಂದ ದೂರ ಇವೆಯೇ? ಕಬ್ಬಿಣದ ಕೆಳಗೆ ಕವರ್ ಬ್ಲಾಕ್ (ಕಬ್ಬಿಣ ಅಚ್ಚಿಗೆ ತಾಗದಂತೆ ಅಂತರ ಉಳಿಸುವ ಬಿಲ್ಲೆ) ಇಟ್ಟಿದ್ದಾರೆಯೇ? ಸೆಂಟ್ರಿಂಗ್ (ಕಾಂಕ್ರೀಟ್ ಸುರಿಯುವ ಅಚ್ಚು) ಬಿಚ್ಚಿದ ಕಂಬಗಳಲ್ಲಿ ಜೇನುಗೂಡಿನಂಥ ತೂತುಗಳಿವೆಯೇ? ಕೆಲಸದವರ ತಲೆಯ ಮೇಲೆ ಹೆಲ್ಮೆಟ್ ಇದೆಯೇ? ಕಾಗದದ ಅರ್ಹತೆಗಳಿಗಿಂತ ಈ ಅರ್ಧ ಗಂಟೆಗೆ ನಾವು ಹೆಚ್ಚು ಬೆಲೆ ಕೊಡುತ್ತೇವೆ.

ಹಿಂದಿನ ಮಾಲೀಕರನ್ನು 'ಕೆಲಸ ಚೆನ್ನಾಗಿತ್ತೇ?' ಎಂದು ಕೇಳಿದರೆ ಹೌದು ಎಂದೇ ಹೇಳುತ್ತಾರೆ. ಮೊದಲ ಕೊಟೇಶನ್‌ಗೂ ಕೊನೆಯ ಬಿಲ್ಲಿಗೂ ಎಷ್ಟು ವ್ಯತ್ಯಾಸ ಬಂತು, ಯಾಕೆ ಬಂತು, ಪೂರ್ತಿ ಹಣ ಕೊಟ್ಟ ಮೇಲೆ ಕರೆದಾಗ ಬಂದರೇ ಎಂದು ಕೇಳಿ.

ಹಣಬಲದ ಲೆಕ್ಕ ಸರಳ. ತಿಂಗಳಿಗೊಮ್ಮೆ ಬಿಲ್ ಮಾಡಿ, 30 ದಿನದ ನಂತರ ಹಣ ಕೊಡುವ ವ್ಯವಸ್ಥೆಯಲ್ಲಿ ಗುತ್ತಿಗೆದಾರರು ಸುಮಾರು ಎರಡು ತಿಂಗಳ ಖರ್ಚನ್ನು ಕೈಯಿಂದ ಹಾಕಬೇಕು. ಈಗ ಎಷ್ಟು ಕಡೆ ಕೆಲಸ ಹಿಡಿದಿದ್ದಾರೆ ಎಂಬುದನ್ನು ಇದರ ಜೊತೆಗೆ ನೋಡಿ. ದೊಡ್ಡ ಮುಂಗಡಕ್ಕೆ ಪಟ್ಟು ಹಿಡಿದರೆ, ನಿಮ್ಮ ದುಡ್ಡಿನಲ್ಲಿ ಇನ್ನೊಂದು ಸೈಟಿನ ಬಾಕಿ ತೀರುವ ಸಂಭವವಿದೆ. ಮುಂಗಡ ಕೊಡಲೇಬೇಕಾದರೆ ಬ್ಯಾಂಕ್ ಗ್ಯಾರಂಟಿ ಕೇಳಿ, ಅಂದರೆ ಅವರು ಮಾತು ತಪ್ಪಿದರೆ ಆ ಹಣವನ್ನು ಬ್ಯಾಂಕ್ ಕೊಡುತ್ತದೆ ಎಂಬ ಲಿಖಿತ ಭರವಸೆ.

ಮಾತುಕತೆಗೆ ಕಂಪನಿಯ ಯಜಮಾನರ ಜೊತೆ ಸೈಟಿನಲ್ಲಿ ದಿನವೂ ನಿಲ್ಲುವ ಎಂಜಿನಿಯರ್ ಅಥವಾ ಮೇಸ್ತ್ರಿಯೂ ಬರಲಿ. ನಕ್ಷೆ ಮುಂದಿಟ್ಟು ಮೊದಲ ಆರು ವಾರ ಏನು ಮಾಡುತ್ತೀರಿ ಎಂದು ಅವರನ್ನೇ ಕೇಳಿ. ನಕ್ಷೆ ಓದಿದವರು ತಿರುಗಿ ಪ್ರಶ್ನೆ ಕೇಳುತ್ತಾರೆ. ಓದದವರು ಎಲ್ಲಕ್ಕೂ 'ಆಗುತ್ತೆ' ಎನ್ನುತ್ತಾರೆ.

ಅಂಕ ಹಾಕುವುದಾದರೆ ತೂಕವನ್ನು ಕೊಟೇಶನ್ ತೆರೆಯುವ ಮೊದಲೇ ನಿಗದಿ ಮಾಡಿ. ಉದಾಹರಣೆಗೆ ಗುಣಮಟ್ಟಕ್ಕೆ 60, ದರಕ್ಕೆ 40. ಅತಿ ಕಡಿಮೆ ದರ 100 ಆಗಿದ್ದರೆ ಅವರಿಗೆ ಪೂರ್ತಿ 40. 115 ಹೇಳಿದವರಿಗೆ 100 ಭಾಗಿಸು 115, ಗುಣಿಸು 40, ಅಂದರೆ 34.8. ಗುಣಮಟ್ಟದಲ್ಲಿ ಮೊದಲಿನವರಿಗೆ 38, ಎರಡನೆಯವರಿಗೆ 50 ಬಂದಿದ್ದರೆ ಮೊತ್ತ 78 ಮತ್ತು 84.8. ಹೆಚ್ಚು ಹೇಳಿದವರೇ ಗೆದ್ದರು. ಮೊತ್ತಗಳನ್ನು ನೋಡಿದ ಮೇಲೆ ತೂಕ ಬದಲಿಸಿದರೆ ಈ ಲೆಕ್ಕಕ್ಕೆ ಅರ್ಥವಿಲ್ಲ.

ಒಪ್ಪಂದದಲ್ಲಿ ಸೈಟ್ ಎಂಜಿನಿಯರ್ ಹೆಸರಿರಲಿ. ಕಂತುಗಳು ತಾರೀಖಿಗಲ್ಲ, ಮುಗಿದ ಕೆಲಸಕ್ಕೆ ಹೊಂದಿರಲಿ. ಪ್ರತಿ ಬಿಲ್ಲಿನಲ್ಲೂ 5ರಿಂದ 10 ಶೇಕಡಾ ತಡೆಹಿಡಿದು, ಅದರಲ್ಲಿ ಅರ್ಧವನ್ನು ಕೆಲಸ ಮುಗಿದಾಗ, ಉಳಿದರ್ಧವನ್ನು ದೋಷ ಹೊಣೆಯ ಅವಧಿ (ಕಂಡ ದೋಷಗಳನ್ನು ಗುತ್ತಿಗೆದಾರರೇ ಸರಿಪಡಿಸಬೇಕಾದ, ಸಾಮಾನ್ಯವಾಗಿ 12 ತಿಂಗಳ ಕಾಲ) ಕಳೆದಾಗ ಕೊಡಿ. ಸಹಿ ಬೀಳುವವರೆಗೆ ಎರಡನೆಯ ಸ್ಥಾನದವರಿಗೆ ಇಲ್ಲ ಎನ್ನಬೇಡಿ. ಮೊದಲಿನವರು ಕೊನೆ ಗಳಿಗೆಯಲ್ಲಿ ದರ ಏರಿಸಿದರೆ ಎರಡನೆಯವರ ಹಳೆಯ ದರಕ್ಕೇ ಹೋಗಬಹುದು. ಆ 90 ದಿನಗಳ ಸಿಂಧುತ್ವ ಇರುವುದು ಅದಕ್ಕೇ.