ತೋಟದ ಲೆಕ್ಕ ಮೊಬೈಲ್‌ನಲ್ಲೇ: ಮೊದಲು ಪಿಡಿಎಫ್, ಆಮೇಲೆ ಕಾಗದ

ಮೂಡಿಗೆರೆ ತಾಲ್ಲೂಕಿನ ಕಾಫಿ ತೋಟವೊಂದರಲ್ಲಿ ನಾನು ರೈಟರ್. ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಬರೆಯುವುದು, ವಾರದ ಬಟವಾಡೆಗೆ ಲೆಕ್ಕ ಹಾಕುವುದು, ಗೊಬ್ಬರ ಮತ್ತು ಡೀಸೆಲ್ ಬಿಲ್ಲುಗಳನ್ನು ಜೋಡಿಸಿಡುವುದು, ಬೆಂಗಳೂರಿನಲ್ಲಿರುವ ಯಜಮಾನರಿಗೆ ಲೆಕ್ಕ ಒಪ್ಪಿಸುವುದು ನನ್ನ ಕೆಲಸ. ನಮ್ಮ ಕಚೇರಿಯಲ್ಲಿ ಕಂಪ್ಯೂಟರ್ ಇಲ್ಲ. ಇರುವುದು ಒಂದು ಆಂಡ್ರಾಯ್ಡ್ ಮೊಬೈಲ್ ಮತ್ತು ವೈಫೈ ಇರುವ ಒಂದು ಇಂಕ್‌ಟ್ಯಾಂಕ್ ಪ್ರಿಂಟರ್. ಇವೆರಡರಲ್ಲೇ ಕೆಲಸ ಸಾಗುತ್ತಿದೆ.

ಮೊಬೈಲ್‌ನಲ್ಲಿ ಕಾಣುವ 'ಪ್ರಿಂಟ್' ಆಯ್ಕೆ ಪ್ರಿಂಟರ್ ಇಟ್ಟುಕೊಂಡವರಿಗೆ ಮಾತ್ರ ಎಂದು ಬಹಳ ಜನ ತಿಳಿದು ಅದರ ತಂಟೆಗೇ ಹೋಗುವುದಿಲ್ಲ. 2013ರಲ್ಲಿ ಬಂದ ಆಂಡ್ರಾಯ್ಡ್ 4.4ರಿಂದಲೇ ಮುದ್ರಣದ ವ್ಯವಸ್ಥೆ ಫೋನಿನೊಳಗೇ ಇದೆ. ಕ್ರೋಮ್‌ನಲ್ಲಿ ಯಾವುದೇ ಪುಟ ತೆರೆದು, ಮೂರು ಚುಕ್ಕಿ ಒತ್ತಿ, 'ಶೇರ್'ಗೆ ಹೋಗಿ 'ಪ್ರಿಂಟ್' ಆರಿಸಿದರೆ ಮೇಲ್ಗಡೆ ಪ್ರಿಂಟರ್‌ಗಳ ಪಟ್ಟಿ ಬರುತ್ತದೆ. ಆ ಪಟ್ಟಿಯಲ್ಲೇ 'ಸೇವ್ ಆಸ್ ಪಿಡಿಎಫ್' ಎಂದೂ ಇರುತ್ತದೆ, ಅಂದರೆ ಪುಟವನ್ನು ಕಾಗದದ ಬದಲು ಫೋನಿನಲ್ಲೇ ಕಡತವಾಗಿ ಉಳಿಸುವುದು. ಪಹಣಿ ನೋಡಿದ ಪುಟವಾಗಲಿ, ಕರೆಂಟ್ ಬಿಲ್ ಕಟ್ಟಿದ ರಸೀದಿಯಾಗಲಿ, ನಾನು ಮೊದಲು ಒತ್ತುವುದು ಅದನ್ನೇ. ಕಾಗದದ ಯೋಚನೆ ಆಮೇಲೆ. ಯಜಮಾನರದು ಐಫೋನ್, ಅದರಲ್ಲಿ ಪ್ರಿಂಟ್‌ಗೆ ಹೋದಾಗ ಕಾಣುವ ಪುಟದ ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸಿದರೆ ಅದೇ ಪಿಡಿಎಫ್ ಆಗಿ ತೆರೆದುಕೊಳ್ಳುತ್ತದೆ.

ಬಟವಾಡೆ ಪಟ್ಟಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಹೆಚ್ಚು ಕಾಟ ಕೊಡುವುದು ಅದೇ. ಹೆಸರು, ಏಳು ದಿನದ ಹಾಜರಿ, ಒಟ್ಟು ಆಳು (ಅಂದರೆ ಕೆಲಸ ಮಾಡಿದ ದಿನಗಳು), ದರ, ಮುಂಗಡ, ಕೈಗೆ ಕೊಡುವ ಮೊತ್ತ, ಕೊನೆಗೆ ಬಲತುದಿಯಲ್ಲಿ ಸಹಿ ಅಥವಾ ಹೆಬ್ಬೆಟ್ಟಿನ ಕಲಂ. ಇಷ್ಟು ಕಲಂ ಇರುವ ಹಾಳೆಯನ್ನು ಉದ್ದಕ್ಕೆ ಮುದ್ರಿಸಿದರೆ ಅರ್ಧ ಪಟ್ಟಿ ಎರಡನೇ ಪುಟಕ್ಕೆ ಓಡುತ್ತದೆ. ಆದ್ದರಿಂದ ಗೂಗಲ್ ಶೀಟ್ಸ್‌ನಿಂದ ಪ್ರಿಂಟ್‌ಗೆ ಕೊಡುವಾಗ ಪುಟವನ್ನು ಅಡ್ಡಕ್ಕೆ, ಅಂದರೆ ಲ್ಯಾಂಡ್‌ಸ್ಕೇಪ್‌ಗೆ ತಿರುಗಿಸಿ, ಪುಟದ ಅಗಲಕ್ಕೆ ಹೊಂದಿಸುತ್ತೇನೆ. ಇಲ್ಲೊಂದು ಸಣ್ಣ ವಿಷಯವನ್ನು ಮರೆಯಬಾರದು: ಎಷ್ಟೋ ಫೋನುಗಳಲ್ಲಿ ಕಾಗದದ ಅಳತೆ ಅಮೆರಿಕದ 'ಲೆಟರ್' ಎಂದಿರುತ್ತದೆ. ಲೆಟರ್ ಹಾಳೆ 216 x 279 ಮಿಲಿಮೀಟರ್, ನಮ್ಮ ಎ4 ಹಾಳೆ 210 x 297. ಒಂದರ ಅಳತೆಗೆ ಮಾಡಿದ ಪಿಡಿಎಫ್ ಇನ್ನೊಂದರ ಮೇಲೆ ಸರಿಯಾಗಿ ಕೂರುವುದಿಲ್ಲ. ಒಂದೋ ಅಂಚು ಕತ್ತರಿಸುತ್ತದೆ, ಇಲ್ಲವೇ ಅಕ್ಷರ ಕುಗ್ಗುತ್ತದೆ. ಅಂಚಿನಲ್ಲಿರುವುದೇ ಹೆಬ್ಬೆಟ್ಟಿನ ಜಾಗ. ಅದು ಹೋದರೆ ಪಟ್ಟಿಗೆ ಬೆಲೆಯೇನು?

ಕನ್ನಡದಲ್ಲಿ ಲೆಕ್ಕ ಬರೆಯುವ ನಮಗೆ ಪಿಡಿಎಫ್‌ನಿಂದ ಇನ್ನೊಂದು ಉಪಕಾರವಿದೆ. ವರ್ಡ್ ಕಡತವನ್ನು ಹಾಗೇ ಕಳುಹಿಸಿದರೆ, ಆ ಕಡೆಯ ಯಂತ್ರದಲ್ಲಿ ಅದೇ ಫಾಂಟ್ ಇಲ್ಲದಿದ್ದಾಗ ಸಾಲುಗಳು ಜಾರುತ್ತವೆ. 'ನುಡಿ', 'ಬರಹ' ಎಂಬ ಕನ್ನಡ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಹಳೆಯ ಕಡತವಾದರೆ ಓದಲಾಗದ ಚಿಹ್ನೆಗಳ ಸಂತೆಯೇ ತೆರೆದುಕೊಳ್ಳುತ್ತದೆ. ಪಿಡಿಎಫ್ ಅಕ್ಷರದ ಆಕಾರವನ್ನೂ ತನ್ನೊಳಗೇ ಇಟ್ಟುಕೊಂಡು ಹೋಗುವುದರಿಂದ 'ಲಕ್ಷ್ಮಮ್ಮ' ಎಲ್ಲಿ ತೆರೆದರೂ ಲಕ್ಷ್ಮಮ್ಮನಾಗಿಯೇ ಕಾಣುತ್ತಾಳೆ. ಆದರೆ ಪಿಡಿಎಫ್‌ನಿಂದ ಕನ್ನಡ ಅಕ್ಷರಗಳನ್ನು ನಕಲು ಮಾಡಿ ಬೇರೆಡೆ ಅಂಟಿಸಲು ಹೋದರೆ ಒತ್ತಕ್ಷರಗಳು ಅನೇಕ ಸಲ ಚೆಲ್ಲಾಪಿಲ್ಲಿಯಾಗುತ್ತವೆ. ಹಾಗಾಗಿ ಶೀಟ್ಸ್‌ನ ಮೂಲ ಕಡತವನ್ನು ಎಂದೂ ಅಳಿಸುವುದಿಲ್ಲ.

ಇನ್ನು ಮುದ್ರಣ. ಪ್ರಿಂಟ್ ತೆಗೆಯಲು ಇಂಟರ್ನೆಟ್ ಬೇಕು ಎಂಬುದು ತಪ್ಪು. ಮಳೆಗಾಲದಲ್ಲಿ ಟವರ್ ಮಲಗಿಬಿಟ್ಟರೂ ನಮ್ಮ ಪಟ್ಟಿ ನಿಲ್ಲುವುದಿಲ್ಲ. ಪ್ರಿಂಟರ್‌ನಲ್ಲಿ ವೈಫೈ ಡೈರೆಕ್ಟ್ ಇದ್ದರೆ ರೂಟರ್ ಕೂಡ ಬೇಡ. ಫೋನ್ ನೇರವಾಗಿ ಪ್ರಿಂಟರ್‌ನೊಂದಿಗೇ ಮಾತಾಡುತ್ತದೆ. ಇನ್ವರ್ಟರ್‌ನಲ್ಲಿ ಚಾರ್ಜ್ ಇದ್ದರೆ ಸಾಕು. ರೂಟರ್ ಮೂಲಕವೇ ಮಾಡುವವರು ನೋಡಿಕೊಳ್ಳಬೇಕಾದದ್ದು ಒಂದು: ಮನೆಬಳಕೆಯ ಅನೇಕ ಪ್ರಿಂಟರ್‌ಗಳು 2.4 ಗಿಗಾಹರ್ಟ್ಸ್ ವೈಫೈಯನ್ನು ಮಾತ್ರ ಹಿಡಿಯುತ್ತವೆ, 5 ಗಿಗಾಹರ್ಟ್ಸ್‌ನದನ್ನಲ್ಲ; ರೂಟರ್‌ನಲ್ಲಿ 2.4 ಚಾಲೂ ಇರಬೇಕು.

ಯಂತ್ರಕ್ಕಿಂತ ನಮ್ಮಲ್ಲಿ ದೊಡ್ಡ ತಲೆನೋವು ಥಂಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟ್ರೇಯಲ್ಲೇ ಬಿಟ್ಟ ಕಾಗದ ತೇವ ಹೀರಿ ಮೆತ್ತಗಾಗುತ್ತದೆ. ಒಂದರ ಜೊತೆ ಮತ್ತೊಂದು ಹಾಳೆ ಅಂಟಿಕೊಂಡು ಒಳಗೆ ಸಿಕ್ಕಿಕೊಳ್ಳುತ್ತದೆ. ಬೇಕಾದಷ್ಟನ್ನೇ ಹೊರಗೆ ತೆಗೆದು, ಉಳಿದ ರೀಮನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ತಗಡಿನ ಪೆಟ್ಟಿಗೆಯಲ್ಲಿಡುತ್ತೇನೆ. ಇಂಕ್ ನಳಿಕೆ ಒಣಗದಿರಲು ಆಗಾಗ ಒಂದು ಬಣ್ಣದ ಪುಟ ತೆಗೆಯುವುದೂ ರೂಢಿಯಾಗಿದೆ.

ಪ್ರಿಂಟರ್ ಇಲ್ಲದವರಿಗೆ ಪೇಟೆಯ ಜೆರಾಕ್ಸ್ ಅಂಗಡಿ ಇದ್ದೇ ಇದೆ. ಅಲ್ಲಿಗೆ ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕಳುಹಿಸಿದರೆ ಅಕ್ಷರ ಮಸುಕಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳುಹಿಸಿ. ಅಂಗಡಿಯ ಕಂಪ್ಯೂಟರಿನಲ್ಲಿ ಊರಿನವರೆಲ್ಲರ ಆಧಾರ್ ಸಾಲಾಗಿ ಬಿದ್ದಿರುವುದನ್ನು ಕಂಡ ಮೇಲೆ, ನಮ್ಮ ಆಳುಗಳಿಗೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇಳಿಸಿಕೊಡುತ್ತಿದ್ದೇನೆ. ಇ-ಆಧಾರ್ ಕಡತಕ್ಕೆ ಪಾಸ್‌ವರ್ಡ್ ಇರುತ್ತದೆ: ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಜೊತೆಗೆ ಹುಟ್ಟಿದ ವರ್ಷ. ಅದನ್ನು ತೆರೆದು ಮತ್ತೆ ಪಿಡಿಎಫ್ ಆಗಿ ಉಳಿಸಿಕೊಂಡರೆ ಪಾಸ್‌ವರ್ಡ್ ಹೋಗುತ್ತದೆ ನಿಜ, ಆದರೆ ಕಡತದೊಳಗಿನ ಡಿಜಿಟಲ್ ಸಹಿಯೂ ಹೋಗುತ್ತದೆ. ಸಹಿ ಇರುವ ಯಾವುದೇ ದಾಖಲೆಯ ಮೂಲ ಕಡತವನ್ನು ಮುಟ್ಟದೆ ಇಟ್ಟು, ಪ್ರತಿಯನ್ನಷ್ಟೇ ಹೊರಗೆ ಕೊಡುವುದು ಕ್ಷೇಮ.

ಡೀಸೆಲ್ ಬಂಕಿನ ಚೀಟಿಗಳು ಥರ್ಮಲ್ (ಶಾಖದಿಂದ ಅಕ್ಷರ ಮೂಡುವ) ಕಾಗದದವು, ಕೆಲವು ತಿಂಗಳಲ್ಲಿ ಅಕ್ಷರ ಮಾಯ. ಗೊಬ್ಬರದ ಬಿಲ್ಲಿಗೆ ಬೂಷ್ಟು ಹಿಡಿಯುತ್ತದೆ. ಬಂದ ದಿನವೇ ಗೂಗಲ್ ಡ್ರೈವ್‌ನ ಸ್ಕ್ಯಾನ್ ಆಯ್ಕೆಯಲ್ಲಿ ಹಿಡಿದು, ಕಪ್ಪು ಬಿಳುಪಿಗೆ ಇಳಿಸಿ ಪಿಡಿಎಫ್ ಮಾಡುತ್ತೇನೆ. ಹೆಸರಿಡುವಾಗ ವರ್ಷ ಮೊದಲು, ತಿಂಗಳು ಆಮೇಲೆ, ದಿನ ಕೊನೆಗೆ; ಹಾಗಿಟ್ಟರೆ ಕಡತಗಳು ತಾವಾಗಿಯೇ ತಾರೀಕಿನ ಸಾಲಿನಲ್ಲಿ ನಿಲ್ಲುತ್ತವೆ. "ರೈಟರೇ, ಹೋದ ವರ್ಷದ ಗೊಬ್ಬರದ ಬಿಲ್ ಸಿಗುತ್ತದೆಯೇ?" ಎಂದು ಯಜಮಾನರು ಫೋನ್ ಮಾಡಿದರೆ, ಅವರು ಮಾತು ಮುಗಿಸುವುದರೊಳಗೆ ಕಳುಹಿಸಿರುತ್ತೇನೆ.