40 ಹಾಡು 80 ಆದಾಗ: ಪೆನ್ ಡ್ರೈವಿನ ಕಳ್ಳ ಫೈಲುಗಳನ್ನು ಅಳಿಸುವುದು

ಮ್ಯಾಕ್‌ನಿಂದ 40 ಹಾಡುಗಳನ್ನು ಪೆನ್ ಡ್ರೈವಿಗೆ ಹಾಕಿ ಕಾರಿನ ಸ್ಟೀರಿಯೋಗೆ ಚುಚ್ಚಿದೆ. ಅದು 80 ತೋರಿಸಿತು. ಅರ್ಧ ಹಾಡಿದವು, ಇನ್ನರ್ಧ ಬಾಯಿ ಬಿಡಲಿಲ್ಲ. ಡ್ರೈವೇ ಕೆಟ್ಟಿದೆ ಅಂದುಕೊಂಡು ಸುಮ್ನೆ ಎರಡು ಸಲ ಫಾರ್ಮ್ಯಾಟ್ ಮಾಡಿದೆ. ಮತ್ತೆ ಅದೇ ಕತೆ.

ವಿಂಡೋಸ್ ಕಂಪ್ಯೂಟರಿನಲ್ಲಿ ತೆಗೆದು ನೋಡಿದಾಗ ಗುಟ್ಟು ಗೊತ್ತಾಯಿತು. ಪ್ರತಿ ಹಾಡಿನ ಹೆಸರಿನಲ್ಲೇ ಇನ್ನೊಂದು ಪುಟ್ಟ ಫೈಲ್, ಹೆಸರಿನ ಮುಂದೆ ಒಂದು ಚುಕ್ಕೆ, ಒಂದು ಅಂಡರ್‌ಸ್ಕೋರ್. ಗಾತ್ರ ಬರೀ 4 ಕೆಬಿ. ಟ್ಯಾಗ್, ಎಲ್ಲಿಂದ ಡೌನ್‌ಲೋಡ್ ಆಯಿತು ಎನ್ನುವಂಥ ವಿವರಗಳನ್ನು ಮ್ಯಾಕ್ ತನ್ನ ಡಿಸ್ಕಿನಲ್ಲಿ ಫೈಲಿಗೇ ಅಂಟಿಸಿ ಇಡುತ್ತದೆ. ಪೆನ್ ಡ್ರೈವುಗಳಿಗೆ ಸಾಮಾನ್ಯವಾಗಿ ಇರುವ ಫಾರ್ಮ್ಯಾಟ್‌ಗಳಾದ ಫ್ಯಾಟ್32, ಎಕ್ಸ್‌ಫ್ಯಾಟ್‌ನಲ್ಲಿ ಅದಕ್ಕೆ ಜಾಗವಿಲ್ಲ, ಹಾಗಾಗಿ ಪಕ್ಕದಲ್ಲೇ ಒಂದು ಮರಿ ಹಾಕುತ್ತದೆ. ಮರಿಯ ಹೆಸರಿನ ಕೊನೆಯಲ್ಲೂ ಎಂಪಿ3 ಅಂತ ಇರುತ್ತಲ್ವಾ, ಪಾಪ ಸ್ಟೀರಿಯೋ ಅದನ್ನೂ ಹಾಡು ಅಂತಲೇ ನಂಬುತ್ತದೆ.

ಈಗ ನಾನು ಮಾಡುವುದು ಇಷ್ಟು. ಹಾಡೆಲ್ಲ ಕಾಪಿ ಆದ ಮೇಲೆ, ಡ್ರೈವ್ ಇನ್ನೂ ಮ್ಯಾಕ್‌ನಲ್ಲಿರುವಾಗಲೇ ಟರ್ಮಿನಲ್, ಅಂದರೆ ಆದೇಶಗಳನ್ನು ಟೈಪ್ ಮಾಡುವ ಮ್ಯಾಕ್‌ನ ಆ್ಯಪ್, ತೆರೆಯುತ್ತೇನೆ. ಡಾಟ್, ಅಂಡರ್‌ಸ್ಕೋರ್ ಚಿಹ್ನೆ, ಕ್ಲೀನ್: ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಟೈಪ್ ಮಾಡಿ. ಡಾಟ್ ಅನ್ನು ಅಕ್ಷರಗಳಲ್ಲೇ ಬರೆಯಿರಿ, ಚುಕ್ಕೆ ಇಡಬೇಡಿ. ಒಂದು ಸ್ಪೇಸ್, ಮೈನಸ್ ಚಿಹ್ನೆಗೆ ಅಂಟಿಕೊಂಡಂತೆ ಎಮ್, ಮತ್ತೆ ಒಂದು ಸ್ಪೇಸ್. ಆಮೇಲೆ ಡ್ರೈವಿನ ಐಕಾನನ್ನು ಎಳೆದು ಟರ್ಮಿನಲ್ ಕಿಟಕಿಯೊಳಗೆ ಬಿಡಿ, ವಿಳಾಸ ತಾನೇ ಬರುತ್ತದೆ. ಎಂಟರ್ ಒತ್ತಿ. ಮರಿಗಳು ಮಾಯ. ತಕ್ಷಣ ಇಜೆಕ್ಟ್ ಮಾಡಿ, ಮತ್ತೆ ಕಾಪಿ ಮಾಡಿದರೆ ಮತ್ತೆ ಹುಟ್ಟುತ್ತವೆ.

ಕೈಗೆ ವಿಂಡೋಸ್ ಮಾತ್ರ ಸಿಕ್ಕಿದರೆ? ವಿಂಡೋಸ್ 11ರಲ್ಲಿ ವ್ಯೂ, ಶೋ, ಹಿಡನ್ ಐಟಮ್ಸ್ ಆನ್ ಮಾಡಿ. ಹೆಸರಿನ ಪ್ರಕಾರ ಜೋಡಿಸಿದರೆ ಮರಿಗಳೆಲ್ಲ ಒಟ್ಟಿಗೆ ಮೇಲೆ ಬರುತ್ತವೆ. ಆಯ್ದು ಡಿಲೀಟ್ ಮಾಡಿ. ಒಂದೊಂದು ಫೋಲ್ಡರಿಗೂ ಹೋಗಬೇಕು, ಅದೇ ಬೇಜಾರು.

ಡಿಎಸ್ ಸ್ಟೋರ್ ಎಂಬ ಫೈಲ್ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ. ಐಕಾನ್ ಎಲ್ಲಿತ್ತು, ಫೋಲ್ಡರ್ ಹೇಗೆ ಕಾಣುತ್ತಿತ್ತು ಅನ್ನುವುದಷ್ಟೇ ಅದರಲ್ಲಿರುವುದು. ಅಳಿಸಿದರೂ ನಷ್ಟವಿಲ್ಲ. ಆದರೆ ಸಿ ಡ್ರೈವಿನಲ್ಲಿ ಪೇಜ್‌ಫೈಲ್, ಹೈಬರ್‌ಫಿಲ್ ಎಂಬ ದೈತ್ಯ ಫೈಲುಗಳು ಕಂಡವು ಅಂತ ಅವಕ್ಕೂ ಕೈ ಹಾಕಬೇಡಿ. ಅವು ವಿಂಡೋಸ್‌ಗೆ ಬೇಕಾದವು.

ಇನ್ನೊಂದು ವಿಷಯಕ್ಕೆ ನಾನು ಜಾಸ್ತಿ ಹೊತ್ತು ಒದ್ದಾಡಿದ್ದೆ. ಮ್ಯಾಕ್‌ನಲ್ಲಿ ಹಳೆಯ ಹಾಡು ಅಳಿಸಿದರೂ ಡ್ರೈವಿನಲ್ಲಿ ಜಾಗ ಆಗುವುದಿಲ್ಲ. ಅವು ಅದೇ ಡ್ರೈವಿನ ಟ್ರ್ಯಾಶಸ್ ಎಂಬ ಗುಪ್ತ ಫೋಲ್ಡರಿನಲ್ಲಿ ಕೂತಿರುತ್ತವೆ. ಡ್ರೈವ್ ಕೀಳುವ ಮೊದಲೇ ಟ್ರ್ಯಾಶ್ ಖಾಲಿ ಮಾಡಿ.